ಗಾಲಿಗೊಂದು ಛಂದಸ್ಸು

(ಬಾನುಲಿ ಭಾಷಣ)



ಮೂವತ್ತಾರು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ಬಾನುಲಿಯ ಮುಂದೆ ಕುಳಿತರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಹೇಳುತ್ತಾನೆಂದು ನೀವು ನಿರೀಕ್ಷಿಸುವುದು ಸಹಜ. ಇಂದು ಹಾಗಾಗುವುದಿಲ್ಲ. ಮನೆಯ ಹಳೆಯ ಕಾರಿನ ಟೈರು ಸವೆದುಹೋದಾಗ ಅದರ ಸ್ಥಾನದಲ್ಲಿ ಯಾವ ಅಳತೆಯ ಟೈರನ್ನು ಹಾಕಿಸಬೇಕು ಎಂಬುದು ಇಂದಿನ ವಿಷಯ. ಇದು ನಾನೇ ಬೇಡಿ ಪಡೆದ ವಿಷಯ. ಏಕೆಂದರೆ ಈ ಒಂದು ಪ್ರಶ್ನೆಯಲ್ಲಿ ನಾನು ತಪ್ಪಿದೆ. ಕಣ್ಣೆದುರಿಗೇ ಬರೆದಿದ್ದುದನ್ನು ಅರ್ಧ ಓದಿ, ಪೂರ್ತಿ ತಿಳಿಯಿತೆಂದು ಭಾವಿಸಿದೆ. ವಿದ್ಯಾರ್ಥಿಗಳು ಹಾಗೆ ಮಾಡಿದಾಗ ನಾನು ಎಷ್ಟೋ ಸಲ ಅಂಕ ಕಡಿದಿದ್ದೇನೆ. ನನ್ನ ಪಾಲಿಗೆ ಬಂದ ಶಿಕ್ಷೆ ಅಷ್ಟು ಹಗುರವಾಗಿ ಮುಗಿಯುವಂಥದಾಗಿರಲಿಲ್ಲ. ಕಾರಿನ ಹಿಂದಿನ ಆಸನದಲ್ಲಿ ಎಂಬತ್ತೆರಡು ವರ್ಷದ ನನ್ನ ತಾಯಿಯವರು ಕುಳಿತಿದ್ದರು.

ನನ್ನ ತಾರುಣ್ಯದಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ಆಗ ರಾಜಾಜಿನಗರದ ನಮ್ಮ ಬೀದಿಯಲ್ಲಿ ಎರಡೇ ಎರಡು ಕಾರುಗಳಿದ್ದವು. ವೈದ್ಯರೊಬ್ಬರದು ಅಂಬಾಸಡರ್, ಕಂಟ್ರಾಕ್ಟರರೊಬ್ಬರದು ಫಿಯಟ್. ಫಿಯಟ್ಟಿಗೆ ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಸೊಗಸಾದ ಹೆಸರು ಬಂತು. ಜನ ಮಾತ್ರ ಫಿಯಟ್ ಎನ್ನುವುದನ್ನು ಬಿಡಲಿಲ್ಲ. ಅಂಬಾಸಡರಿಗೆ 5.90-15, ಪದ್ಮಿನಿಗೆ 5.20-14. ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ, ಎರಡೂ ಅಂಗುಲಗಳಲ್ಲಿ. ಇದನ್ನು ತಿಳಿದುಕೊಳ್ಳುವ ಅಗತ್ಯವೂ ಯಾರಿಗೂ ಇರಲಿಲ್ಲ. ಜೆ.ಸಿ. ರಸ್ತೆಯ ಅಂಗಡಿಗೆ ಹೋದರೆ ‘ಅಂಬಾಸಡರೋ, ಫಿಯಟ್ಟೋ?’ ಎಂದು ಕೇಳುತ್ತಿದ್ದರು. ಉತ್ತರ ಹೇಳಿದರೆ ಟೈರು ಉರುಳಿಕೊಂಡು ಬರುತ್ತಿತ್ತು. ಆಯ್ಕೆಯಿಲ್ಲದ ಕಾಲದಲ್ಲಿ ಅಜ್ಞಾನಕ್ಕೆ ದಂಡ ತೆರಬೇಕಾಗುವುದಿಲ್ಲ. 1983ರಲ್ಲಿ ಮಾರುತಿ ಬಂದಮೇಲೆ, ಅದರ ಬೆನ್ನಿಗೆ ತೊಂಬತ್ತರ ದಶಕದಲ್ಲಿ ನಾನಾ ದೇಶಗಳ ಕಾರುಗಳು ಬಂದಮೇಲೆ, ಗಾಲಿಗಳ ಅಳತೆಗಳೂ ಹತ್ತಾರಾದವು, ಟೈರಿನ ಮೈಮೇಲಿನ ಬರಹವೂ ಬದಲಾಯಿತು. ಬರಹ ಬದಲಾದದ್ದನ್ನು ನಮ್ಮಂಥವರು ಗಮನಿಸಲಿಲ್ಲ.

ನನ್ನ ಕಾರು ಮಾರುತಿ ಎಸ್ಟೀಮ್. 1999ರಲ್ಲಿ ಕೊಂಡದ್ದು. ನೋಂದಣಿಯ ಫಲಕದಲ್ಲಿ ಕೆಎ-02, ಅಂದರೆ ನಮ್ಮ ರಾಜಾಜಿನಗರದ ಸಾರಿಗೆ ಕಚೇರಿಯ ಸಂಖ್ಯೆ. ಆಮೇಲೆ ನಾವು ಬಸವೇಶ್ವರನಗರಕ್ಕೆ ಬಂದೆವು, ಕಾರೂ ಬಂತು. ಹದಿನೈದು ವರ್ಷ ತುಂಬಿದಾಗ, ಆ ಬಳಿಕ ಐದೈದು ವರ್ಷಕ್ಕೊಮ್ಮೆ, ಅದರ ದೇಹದಾರ್ಢ್ಯವನ್ನು ಪರೀಕ್ಷೆ ಮಾಡಿಸಿ ನೋಂದಣಿಯನ್ನು ನವೀಕರಿಸಿಕೊಳ್ಳುತ್ತ ಬಂದಿದ್ದೇನೆ. ಪುಣೆಯಲ್ಲಿರುವ ನನ್ನ ಮಗ ಪ್ರತಿ ದೀಪಾವಳಿಗೂ ‘ಅಣ್ಣ, ಇದನ್ನು ಮಾರಿಬಿಡಿ’ ಎನ್ನುತ್ತಾನೆ. ಎಸ್ಟೀಮ್ ಕಾರಿನ ತಯಾರಿಕೆಯೇ 2007ರಲ್ಲಿ ನಿಂತುಹೋಯಿತು, ಇನ್ನೂ ಏಕೆ ಇದರ ಮೋಹ ಎಂಬುದು ಅವನ ವಾದ. ಮೋಹವೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮುಖ್ಯ ಕಾರಣ ನನ್ನ ತಾಯಿಯವರ ಮಂಡಿಗಳು. ಇಂದಿನ ಕಾರುಗಳೆಲ್ಲ ಎತ್ತರ, ಹತ್ತಬೇಕು. ಆಟೋರಿಕ್ಷಾಕ್ಕೂ ಕಾಲೆತ್ತಿಡಬೇಕು. ಈ ಹಳೆಯ ಕಾರು ನೆಲಕ್ಕೆ ಹತ್ತಿರ. ಅಮ್ಮ ಬಾಗಿಲ ಬಳಿ ಬೆನ್ನು ಮಾಡಿ ನಿಂತು, ಮೆಲ್ಲನೆ ಆಸನದ ಮೇಲೆ ಕುಳಿತು, ಆಮೇಲೆ ಎರಡು ಕಾಲುಗಳನ್ನೂ ಒಳಕ್ಕೆ ತಿರುಗಿಸಿಕೊಳ್ಳುತ್ತಾರೆ. ಮನೆಯ ಜಗುಲಿಯ ಮೇಲೆ ಕೂತಷ್ಟು ಸುಲಭ ಅವರಿಗೆ. ಈ ಕಾರು ಹೋದರೆ ಅವರು ಮನೆಯಿಂದ ಹೊರಡುವುದೂ ಹೋಗುತ್ತದೆ. ಅದಕ್ಕೇ ಇದರ ಟೈರಿನ ಅಳತೆ ನಮ್ಮ ಮನೆಯಲ್ಲಿ ಸಣ್ಣ ಸಂಗತಿಯಲ್ಲ.

2019ರಲ್ಲಿ ನಾಲ್ಕೂ ಟೈರುಗಳು ಸವೆದವು. ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಒಂದು ಪುಟ್ಟ ದಿಣ್ಣೆ ಇರುತ್ತದೆ. ನೀವೂ ಬೆರಳಾಡಿಸಿ ನೋಡಬಹುದು. ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದಾಗ ಆ ದಿಣ್ಣೆ ಮೇಲ್ಮೈಗೆ ಸಮನಾಗುತ್ತದೆ. ಸಮನಾಯಿತೆಂದರೆ ಆ ಟೈರಿನ ಆಯುಸ್ಸು ಮುಗಿಯಿತು. ನನ್ನವು ಸಮನಾಗಿದ್ದವು. ಆ ಹೊತ್ತಿಗೆ ಸರಿಯಾಗಿ ನನ್ನ ತಮ್ಮನ ಮಗ ಹೊಳೆಹೊಳೆಯುವ ನಾಲ್ಕು ಅಲಾಯ್ ಚಕ್ರಗಳನ್ನು ತಂದು ನಿಲ್ಲಿಸಿದ. ಗೆಳೆಯನೊಬ್ಬ ತನ್ನ ಕಾರನ್ನು ಮಾರುವಾಗ ಬಿಚ್ಚಿಟ್ಟುಕೊಂಡವಂತೆ. ಮೇಲೆ ಇನ್ನೂ ಹೊಸದರಂತಿದ್ದ ಟೈರುಗಳು. ‘ದೊಡ್ಡಪ್ಪ, ಒಂದು ಪೈಸೆ ಖರ್ಚಿಲ್ಲ. ಬೋಲ್ಟಿನ ತೂತುಗಳೂ ಸರಿಹೋಗುತ್ತವೆ’ ಎಂದ. ಪುಕ್ಕಟೆ ಬಂದದ್ದು, ಅದರಲ್ಲೂ ಬೆಳ್ಳಿಯ ಬಣ್ಣದ್ದು. ನನ್ನ ವೈರಾಗ್ಯ ಅಷ್ಟು ಗಟ್ಟಿಯದಲ್ಲ.

ಆದರೂ ಓದುವ ಅಭ್ಯಾಸವೊಂದಿದೆಯಲ್ಲ, ಬಗ್ಗಿ ನೋಡಿದೆ. ನನ್ನ ಹಳೆಯ ಟೈರಿನ ಮೇಲೆ 175/70 ಆರ್ 13 ಎಂದಿತ್ತು. ಹೊಸದರ ಮೇಲೆ 185/65 ಆರ್ 14. ಅಗಲ ಹತ್ತು ಹೆಚ್ಚು, ರಸ್ತೆಯ ಮೇಲೆ ಹಿಡಿತ ಚೆನ್ನಾಗಿರುತ್ತದೆ. ಎಪ್ಪತ್ತರ ಬದಲು ಅರವತ್ತೈದು, ಎತ್ತರ ಐದು ಕಡಿಮೆ. ಅತ್ತ ಒಂದು ಹೆಚ್ಚು, ಇತ್ತ ಐದು ಕಡಿಮೆ, ಎಲ್ಲ ಸರಿಹೋಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಈ ಲೆಕ್ಕದಲ್ಲಿ ಎಷ್ಟು ತಪ್ಪುಗಳಿವೆ ಎಂಬುದನ್ನು ಮುಂದೆ ಹೇಳುತ್ತೇನೆ. ಚಕ್ರಗಳನ್ನು ಹಾಕಿಸಿಯೇಬಿಟ್ಟೆ. ಹಳೆಯ ಉಕ್ಕಿನ ರಿಮ್ಮುಗಳನ್ನು ಗುಜರಿಗೆ ಹಾಕಲು ಹೊರಟಾಗ ನನ್ನ ಹೆಂಡತಿ ಬಿಡಲಿಲ್ಲ. ಅವು ಸಜ್ಜದ ಮೇಲೆ ಸೇರಿದವು. ಅವಳು ಯಾವುದನ್ನೂ ಗುಜರಿಗೆ ಹಾಕಲು ಬಿಡುವುದಿಲ್ಲ. ಆ ಸ್ವಭಾವವನ್ನು ನಾನು ಎಷ್ಟೋ ಸಲ ಹಾಸ್ಯ ಮಾಡಿದ್ದುಂಟು. ಆಮೇಲೆ ಮಾಡಿಲ್ಲ.

ಮೊದಲ ದಿನ ಅಮ್ಮ ಕಾರಿನಲ್ಲಿ ಕೂರುವಾಗ ‘ಏನೋ ಇದು, ಕಾರು ಎತ್ತರವಾಗಿದೆಯಲ್ಲ?’ ಎಂದರು. ನಾನು ನಕ್ಕೆ. ವಯಸ್ಸಾಯಿತು, ಮಂಡಿ ಮತ್ತಷ್ಟು ಬಿಗಿದಿರಬೇಕು ಎಂದುಕೊಂಡೆ.

ಆ ಮಳೆಗಾಲದ ಒಂದು ಭಾನುವಾರ ಅಮ್ಮನನ್ನು ಕೆಂಗೇರಿ ಉಪನಗರದಲ್ಲಿರುವ ಅವರ ತಂಗಿಯ, ಅಂದರೆ ನನ್ನ ಚಿಕ್ಕಮ್ಮನ, ಮನೆಗೆ ಕರೆದುಕೊಂಡು ಹೊರಟೆ. ಹಿಂದಿನ ಆಸನದಲ್ಲಿ ಅಮ್ಮ, ನನ್ನ ಹೆಂಡತಿ, ನನ್ನ ಅಕ್ಕ. ಮುಂದೆ ನನ್ನ ಪಕ್ಕದಲ್ಲಿ ಭಾವ. ಹಾವನೂರು ವೃತ್ತದಿಂದ ವಿಜಯನಗರಕ್ಕೆ ಬಂದು ಮೈಸೂರು ರಸ್ತೆ ಸೇರಿದೆವು. ಕೆಂಗೇರಿಯವರೆಗಿನ ಮೆಟ್ರೋ ಆಗಿನ್ನೂ ಆಗಿರಲಿಲ್ಲ. 2021ರ ಆಗಸ್ಟಿನಲ್ಲಿ ಅದು ಆರಂಭವಾದದ್ದು. ಕೆಲಸ ನಡೆಯುತ್ತಿದ್ದ ಕಾಲ. ನಾಯಂಡಹಳ್ಳಿಯಿಂದಾಚೆಗೆ ರಸ್ತೆಯೆಂದರೆ ಹಳ್ಳ, ದಿಣ್ಣೆ, ಮಣ್ಣು, ನೀರು. ಪ್ರತಿಯೊಂದು ಹಳ್ಳದಲ್ಲೂ ಕಾರಿನ ಹಿಂಭಾಗದಿಂದ ‘ಜರ್’ ಎಂದು ಸದ್ದು. ನಾನು ರಸ್ತೆಯನ್ನು ಬೈದೆ. ಭಾವನವರು ಸರ್ಕಾರವನ್ನು ಬೈದರು. ಅಮ್ಮ ಮಾತ್ರ ‘ಎಲ್ಲೋ ಉಜ್ಜುತ್ತಿದೆ ಕಣೋ, ನನ್ನ ಕೆಳಗೇ ಉಜ್ಜುತ್ತಿದೆ’ ಎಂದರು. ಎರಡು ಸಲ ಹೇಳಿದರು. ಎಡಗಡೆಯ ಹಿಂಚಕ್ರದ ಮೇಲೆಯೇ ಅವರು ಕುಳಿತಿದ್ದದ್ದು.

ಕೆಂಗೇರಿ ತಲುಪಿ ಅವರನ್ನೆಲ್ಲ ಇಳಿಸಿದ ಮೇಲೆ ನೋಡಿದೆ. ಎಡಗಡೆಯ ಹಿಂದಿನ ಟೈರಿನ ಹೊರಭುಜವನ್ನು, ಅಂದರೆ ನೆಲಕ್ಕೆ ತಾಗುವ ಭಾಗವೂ ಪಕ್ಕದ ಗೋಡೆಯೂ ಸೇರುವ ಅಂಚನ್ನು, ಮಡ್‌ಗಾರ್ಡಿನ ಒಳ ಅಂಚಿನ ತಗಡು ಕೆತ್ತಿಹಾಕಿತ್ತು. ರಬ್ಬರು ಸೀಳಿ ಒಳಗಿನ ನೂಲು ಬಿಳಿಯಾಗಿ ಕಾಣುತ್ತಿತ್ತು. ಹತ್ತಿರದ ಪಂಕ್ಚರ್ ಅಂಗಡಿಯಿಂದ ಒಬ್ಬರನ್ನು ಕರೆತಂದೆ. ನನಗಿಂತ ಹಿರಿಯರು, ಮಂಡ್ಯದ ಕಡೆಯ ಮಾತು. ಅವರು ಕುಕ್ಕರಗಾಲಿನಲ್ಲಿ ಕುಳಿತು ನೋಡಿ, ಎದ್ದು, ‘ಇನ್ನೂ ಎಷ್ಟು ದೂರ ಓಗೋಣ ಅಂತಿದ್ರಿ ಮೇಷ್ಟ್ರೇ?’ ಎಂದರು. ನಾನು ಮೇಷ್ಟ್ರೆಂದು ಅವರಿಗೆ ಹೇಗೆ ತಿಳಿಯಿತೋ! ಬಳಿಕ ಚಾಲಕನ ಬಾಗಿಲನ್ನು ತೆರೆದು, ಅಲ್ಲಿ ಅಂಟಿಸಿದ್ದ, ಬಣ್ಣ ಮಾಸಿದ ಒಂದು ಚೀಟಿಯ ಮೇಲೆ ಬೆರಳಿಟ್ಟರು. ‘ಇಲ್ಲಿ ಬರ್ದವ್ರಲ್ಲ, ಓದ್ಲಿಲ್ವಾ?’

175/70 ಆರ್ 13. ಅದರ ಪಕ್ಕದಲ್ಲಿ ಗಾಳಿಯ ಒತ್ತಡ. ಇಪ್ಪತ್ತು ವರ್ಷ ಆ ಬಾಗಿಲನ್ನು ತೆರೆದು ಮುಚ್ಚಿದ್ದೇನೆ. ಆ ಚೀಟಿಯನ್ನು ಓದಿರಲಿಲ್ಲ.

ಸ್ಟೆಪ್ನಿ ಹಾಕಿಕೊಂಡು ಹೋಗಬಹುದೇ ಎಂದು ಕೇಳಿದೆ. ಅದು ಹಳೆಯ ಅಳತೆಯದು, ಮಿಕ್ಕ ಮೂರು ದೊಡ್ಡವು, ಬಲಗಡೆಯದೂ ಉಜ್ಜಿದೆ, ಹಿಂದೆ ಮೂವರು ಹೆಂಗಸರನ್ನು ಕೂರಿಸಿಕೊಂಡು ಹೋಗುವುದು ಬೇಡ ಎಂದರು. ಸ್ಟೆಪ್ನಿ ಎಂಬ ಮಾತನ್ನು ನಾವೆಲ್ಲ ಕನ್ನಡವೇ ಎಂಬಷ್ಟು ಸಲೀಸಾಗಿ ಬಳಸುತ್ತೇವೆ. ಅದು ವೇಲ್ಸ್ ನಾಡಿನ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಕಾರುಗಳು ಹೆಚ್ಚುವರಿ ಚಕ್ರವಿಲ್ಲದೆ ಬರುತ್ತಿದ್ದಾಗ, ಆ ಊರಿನ ಡೇವೀಸ್ ಸೋದರರು ಅಂಥದೊಂದನ್ನು ತಯಾರಿಸಿ ತಮ್ಮ ಬೀದಿಯ ಹೆಸರನ್ನೇ ಅದಕ್ಕಿಟ್ಟರು. ಅದರ ಹುಟ್ಟೂರಿನವರು ಈಗ ಅದನ್ನು ಹಾಗೆ ಕರೆಯುವುದು ಅಪರೂಪ. ಕೆಂಗೇರಿಯ ಪಂಕ್ಚರ್ ಅಂಗಡಿಯಲ್ಲಿ ಮಾತ್ರ ಅದು ಬದುಕಿದೆ. ಇರಲಿ. ಆ ರಾತ್ರಿ ನಾವು ಚಿಕ್ಕಮ್ಮನ ಮನೆಯಲ್ಲೇ ಉಳಿದೆವು. ಅಕ್ಕತಂಗಿಯರಿಬ್ಬರೂ ಬೆಳಗಿನ ಜಾವದವರೆಗೆ ಮಾತನಾಡಿದರು. ಅವರಿಬ್ಬರೂ ಒಂದೇ ಸೂರಿನಡಿ ಮಲಗಿ ಹನ್ನೊಂದು ವರ್ಷವಾಗಿತ್ತಂತೆ.

ನನಗೆ ಬೇರೆ ಕಾರಣಕ್ಕೆ ನಿದ್ದೆ ಬರಲಿಲ್ಲ. ಕಾಗದ ಪೆನ್ನು ಹಿಡಿದು ಕುಳಿತೆ. ಪಂಕ್ಚರ್ ಅಂಗಡಿಯ ಹಿರಿಯರು ಹೇಳಿಕೊಟ್ಟದ್ದನ್ನು ಬರೆದು ನೋಡಿದೆ.

175 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 70 ಎಂಬುದು ಅಳತೆಯೇ ಅಲ್ಲ, ಪ್ರಮಾಣ: ಟೈರಿನ ಪಕ್ಕದ ಗೋಡೆಯ ಎತ್ತರ ಅದರ ಅಗಲದ ನೂರಕ್ಕೆ ಎಪ್ಪತ್ತು ಪಾಲು. 13 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಮಿಲಿಮೀಟರು, ಶೇಕಡ, ಅಂಗುಲ, ಹೀಗೆ ಮೂರು ಕುಲದ ಮೂರು ಸಂಖ್ಯೆಗಳನ್ನು ಒಂದೇ ಪದದಲ್ಲಿ ಹೊಲಿದಿದ್ದಾರೆ. ಕನ್ನಡ, ಸಂಸ್ಕೃತ ಎರಡನ್ನು ಕೂಡಿಸಿದರೇ ಅರಿಸಮಾಸವೆಂದು ಮುಖ ಸಿಂಡರಿಸುವ ನಮ್ಮ ಕೇಶಿರಾಜ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ನಡುವೆ ಇರುವ ‘ಆರ್’ ಅಕ್ಷರವನ್ನು ಬಹಳ ಜನ ರೇಡಿಯಸ್, ಅಂದರೆ ತ್ರಿಜ್ಯ, ಎಂದುಕೊಂಡಿದ್ದಾರೆ. ಅದು ರೇಡಿಯಲ್. ಟೈರಿನ ಒಡಲೊಳಗಿನ ನೂಲುಗಳು ಹಳೆಯ ಕಾಲದಲ್ಲಿ ಓರೆಯಾಗಿ, ಒಂದರ ಮೇಲೊಂದು ಅಡ್ಡಹಾಯುವಂತೆ ಇರುತ್ತಿದ್ದವು. ರೇಡಿಯಲ್ಲಿನಲ್ಲಿ ಅವು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತವೆ. ಫ್ರಾನ್ಸಿನ ಮಿಷಲಿನ್ ಸಂಸ್ಥೆ 1946ರಲ್ಲಿ ಹಕ್ಕುಪತ್ರ ಪಡೆದ ವಿಧಾನವಿದು. 5.20-14 ಎಂಬಲ್ಲಿರುವ ಆ ಅಡ್ಡಗೆರೆಯೇ ಓರೆನೂಲಿನ ಟೈರಿನ ಗುರುತು.

ಈಗ ಲೆಕ್ಕ. 175ರ ಶೇಕಡ 70 ಎಂದರೆ 122.5 ಮಿಲಿಮೀಟರು. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಒಟ್ಟು 245. ಹದಿಮೂರು ಅಂಗುಲದ ರಿಮ್ಮು 330.2. ಕೂಡಿದರೆ ಚಕ್ರದ ಪೂರ್ಣ ವ್ಯಾಸ 575.2 ಮಿಲಿಮೀಟರು. ಕಾರನ್ನು ರಚಿಸಿದವರು ಮಡ್‌ಗಾರ್ಡಿನ ಕಮಾನು, ಸ್ಪ್ರಿಂಗು, ಗೇರು, ವೇಗ ತೋರಿಸುವ ಮುಳ್ಳು ಎಲ್ಲವನ್ನೂ ಹೊಂದಿಸಿರುವುದು ಈ ವ್ಯಾಸಕ್ಕೆ. ನಾನು ಹಾಕಿಸಿದ್ದ 185/65 ಆರ್ 14ರ ಗೋಡೆ 120.25. ನಾನು ‘ಐದು ಕಡಿಮೆ’ ಎಂದುಕೊಂಡಿದ್ದೆನಲ್ಲ, ನಿಜದಲ್ಲಿ ಕಡಿಮೆಯಾದದ್ದು ಎರಡೂಕಾಲು ಮಿಲಿಮೀಟರು. ರಿಮ್ಮಿನಲ್ಲಿ ಹೆಚ್ಚಾದ ‘ಒಂದು’ ಇಪ್ಪತ್ತೈದೂವರೆ ಮಿಲಿಮೀಟರಿಗೆ ಸಮೀಪ. ಪೂರ್ಣ ವ್ಯಾಸ 596.1. ಹೆಚ್ಚಳ ಸುಮಾರು 21 ಮಿಲಿಮೀಟರು. ಅದರಲ್ಲಿ ಅರ್ಧ, ಒಂದು ಸೆಂಟಿಮೀಟರು, ಕಾರನ್ನು ಮೇಲಕ್ಕೆತ್ತಿತ್ತು. ಅಮ್ಮ ಅದನ್ನು ಮಂಡಿಯಿಂದಲೇ ಅಳೆದಿದ್ದರು.

ಇನ್ನರ್ಧ ಚಕ್ರದ ಮೇಲ್ಗಡೆ ಕಮಾನಿನತ್ತ ಬೆಳೆದಿತ್ತು. ಅಗಲವೂ ಹೆಚ್ಚು, ಮೇಲಾಗಿ ಆ ಅಲಾಯ್ ಚಕ್ರಗಳು ಬೇರೊಂದು ಕಾರಿಗೆಂದು ಮಾಡಿದವಾದ್ದರಿಂದ ಹಳೆಯದಕ್ಕಿಂತ ಹೊರಕ್ಕೆ ಚಾಚಿದ್ದವು. ಖಾಲಿ ಕಾರಿನಲ್ಲಿ ನಾನೊಬ್ಬನೇ ಓಡಾಡುವಾಗ ಏನೂ ತಾಗುತ್ತಿರಲಿಲ್ಲ. ಹಿಂದೆ ಮೂವರು ಕುಳಿತು, ಹಳ್ಳದಲ್ಲಿ ಕಾರು ಕುಸಿದಾಗ, ತಗಡಿನ ಅಂಚು ಚೂರಿಯಾಗುತ್ತಿತ್ತು. ತೂತುಗಳು ಕೂಡಿಬಂದ ಮಾತ್ರಕ್ಕೆ ಚಕ್ರ ಹೊಂದಿತೆಂದು ತಿಳಿಯುವುದು ಜಾತಕದಲ್ಲಿ ಗಣ ಕೂಡಿಬಂದ ಮಾತ್ರಕ್ಕೆ ಸಂಸಾರ ಹೊಂದಿತೆಂದು ತಿಳಿದಂತೆ. ವೇಗದ ಮುಳ್ಳಿನ ಲೆಕ್ಕವೂ ತಪ್ಪಿತ್ತು. ಚಕ್ರ ಶೇಕಡ ಮೂರೂವರೆಗಿಂತ ತುಸು ಹೆಚ್ಚೇ ದೊಡ್ಡದಾದ್ದರಿಂದ, ಮುಳ್ಳು ಅರವತ್ತು ತೋರಿಸುವಾಗ ಕಾರು ಅರವತ್ತೆರಡು ದಾಟಿರುತ್ತಿತ್ತು.

ಹಾಗಾದರೆ ಕಾರಿನೊಂದಿಗೆ ಬಂದ ಅಳತೆಯನ್ನು ಬದಲಿಸಲೇಬಾರದೇ? ಅಷ್ಟು ಕಟ್ಟುನಿಟ್ಟಿಲ್ಲ. ಇಲ್ಲಿ ನನಗೆ ಛಂದಸ್ಸು ನೆನಪಾಯಿತು. ಕಂದಪದ್ಯದ ಗಣಕ್ಕೆ ನಾಲ್ಕು ಮಾತ್ರೆ. ಆ ನಾಲ್ಕನ್ನು ಎರಡು ಗುರುಗಳಿಂದ ತುಂಬಬಹುದು, ನಾಲ್ಕು ಲಘುಗಳಿಂದ ತುಂಬಬಹುದು, ಒಂದು ಗುರು ಎರಡು ಲಘುಗಳಿಂದಲೂ ತುಂಬಬಹುದು. ಒಳಗಿನ ಜೋಡಣೆ ಬದಲಾದರೂ ಮೊತ್ತ ನಾಲ್ಕೇ ಆಗಬೇಕು. ಐದಾದರೆ ಪದ್ಯ ಕುಂಟುತ್ತದೆ. ಟೈರಿನಲ್ಲಿಯೂ ಮೊತ್ತವೇ ಮುಖ್ಯ. ರಿಮ್ಮನ್ನು ದೊಡ್ಡದು ಮಾಡಿದರೆ ಗೋಡೆಯನ್ನು ತಗ್ಗಿಸಬೇಕು, ಅದೂ ಸಾಕಷ್ಟು ತಗ್ಗಿಸಬೇಕು. ನಮ್ಮ ಹುಡುಗ ತಂದದ್ದು 185/65ರ ಬದಲು 185/60 ಆರ್ 14 ಆಗಿದ್ದರೆ? ಗೋಡೆ 111, ಎರಡು ಗೋಡೆ 222, ರಿಮ್ಮು 355.6, ಒಟ್ಟು 577.6. ಹಳೆಯದಕ್ಕೂ ಇದಕ್ಕೂ ಎರಡೂವರೆ ಮಿಲಿಮೀಟರಿನ ಅಂತರವೂ ಇಲ್ಲ. ಒಂದು ಸಂಖ್ಯೆ, ಅರವತ್ತೈದರ ಬದಲು ಅರವತ್ತು, ಅಷ್ಟರಿಂದ ಮೊತ್ತ ಸರಿಯಾಗುತ್ತಿತ್ತು. ಹೊರಕ್ಕೆ ಚಾಚುವ ದೋಷವೊಂದು ಉಳಿಯುತ್ತಿತ್ತು. ಅದಕ್ಕೆ ಆ ಕಾರಿಗೆ ತಕ್ಕ ರಿಮ್ಮೇ ಬೇಕು. ಪೂರ್ಣ ವ್ಯಾಸ ಮೂಲಕ್ಕಿಂತ ಶೇಕಡ ಮೂರರಷ್ಟಕ್ಕಿಂತ ಆಚೀಚೆ ಹೋಗಬಾರದೆಂದು ಈ ಕಸುಬಿನವರು ಹೇಳುತ್ತಾರೆ. ಕಾರು ಹಂಪುಗಳಿಗೆ ತಾಗುತ್ತದೆಂದು 185/70 ಆರ್ 13 ಹಾಕಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಅದರ ವ್ಯಾಸ 589.2, ಹೆಚ್ಚಳ ಶೇಕಡ 2.4. ಮಿತಿಯೊಳಗೇ ಇದೆ, ಆದರೆ ಕಾರು ತುಂಬ ಜನರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ ನೋಡಿದ ಮೇಲೆಯೇ ಹಣ ಕೊಡಬೇಕು. ಅಷ್ಟು ಮಾಡಿ ದೊರೆಯುವ ಎತ್ತರ ಏಳು ಮಿಲಿಮೀಟರು!

ಮೊತ್ತ ಸರಿಯಾಗಿದ್ದರೂ ಸಾಲದು ಎಂಬುದು ಮರುದಿನ ತಿಳಿಯಿತು. ಬೆಳಗ್ಗೆ ಬಸ್ಸು ಹತ್ತಿ ಮನೆಗೆ ಬಂದು, ಸಜ್ಜದ ಮೇಲಿದ್ದ ಉಕ್ಕಿನ ರಿಮ್ಮುಗಳನ್ನು ಇಳಿಸಿ, ತಮ್ಮನ ಮಗನೊಡನೆ ಮಾಗಡಿ ರಸ್ತೆಯ ಒಂದು ಟೈರು ಅಂಗಡಿಗೆ ಹೋದೆ. ಅಲ್ಲಿ 155/80 ಆರ್ 13 ತೋರಿಸಿದರು. ‘ಅದೇ ಹದಿಮೂರು ಸಾರ್, ಅದೇ ಎತ್ತರ, ಬೆಲೆ ಕಮ್ಮಿ.’ ನಾನೀಗ ಲೆಕ್ಕ ಕಲಿತವನು. ಎರಡು ಗೋಡೆ 248, ರಿಮ್ಮು 330.2, ಒಟ್ಟು 578.2. ಎತ್ತರ ನಿಜಕ್ಕೂ ಅದೇ. ಇನ್ನೇನು ಒಪ್ಪಬೇಕು, ಅಷ್ಟರಲ್ಲಿ ಅಳತೆಯ ಮುಂದಿದ್ದ ಇನ್ನೊಂದು ಸಂಖ್ಯೆ ಕಣ್ಣಿಗೆ ಬಿತ್ತು: 79. ನನ್ನ ಹಳೆಯ ಟೈರಿನ ಮೇಲೆ ಅದೇ ಜಾಗದಲ್ಲಿ 82 ಇತ್ತು. ಇದು ಭಾರದ ಸೂಚಿ. 82 ಎಂದರೆ ಒಂದು ಟೈರು ಹೊರಬಲ್ಲ ಭಾರ 475 ಕಿಲೋ. 79 ಎಂದರೆ 437. ಅದರ ಪಕ್ಕದ ಅಕ್ಷರ ವೇಗದ ಮಿತಿ: ಎಸ್ ಎಂದರೆ ಗಂಟೆಗೆ 180 ಕಿಲೋಮೀಟರು, ಟಿ ಎಂದರೆ 190, ಎಚ್ ಎಂದರೆ 210. ವೇಗದ ಅಕ್ಷರದ ಬಗ್ಗೆ ನನ್ನಂಥ ಚಾಲಕ ತಲೆಕೆಡಿಸಿಕೊಳ್ಳಬೇಕಾದ್ದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೂ ಮೂಲಕ್ಕಿಂತ ಕೆಳಗಿನದನ್ನು ಕೊಳ್ಳಬಾರದು. ಭಾರದ ಸಂಖ್ಯೆಯಂತೂ ಮೂಲಕ್ಕಿಂತ ಕಡಿಮೆಯಾಗಲೇಕೂಡದು. ಅಗಲ ಎರಡು ಸೆಂಟಿಮೀಟರು ಕಡಿಮೆಯಾದರೆ ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ನೆಲವನ್ನು ಹಿಡಿಯುವ ಮೈಯೂ ಅಷ್ಟು ಕಡಿಮೆ.

ನನಗೆ 175/70ಯೇ ಬೇಕೆಂದೆ. ಒಳಗೆ ಹುಡುಕಿ ತಂದರು. ಹೊಚ್ಚ ಹೊಸದು, ಗೀರುಗಳ ತುಂಬ ರಬ್ಬರಿನ ಕೂದಲು. ಕೆಂಗೇರಿಯ ಹಿರಿಯರು ಇನ್ನೊಂದು ಮಾತು ಹೇಳಿ ಕಳುಹಿಸಿದ್ದರು: ‘ಕೊನೇಲಿ ನಾಕು ಅಂಕಿ ಇರ್ತವೆ, ನೋಡ್ಕಳಿ.’ ಟೈರಿನ ಪಕ್ಕದಲ್ಲಿ ಅಂಡಾಕಾರದ ಒಂದು ಪುಟ್ಟ ಚೌಕಟ್ಟಿನೊಳಗೆ 1115 ಎಂದಿತ್ತು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2015ರ ಹನ್ನೊಂದನೆಯ ವಾರ, ಎಂದರೆ ಮಾರ್ಚ್ ತಿಂಗಳಲ್ಲಿ ಹುಟ್ಟಿದ ಟೈರು. ನಾಲ್ಕು ವರ್ಷ ಗೋದಾಮಿನಲ್ಲಿ ಕುಳಿತಿದೆ. ಓಡದೆ ಕುಳಿತರೂ ರಬ್ಬರು ಮುದಿಯಾಗುತ್ತದೆ, ಗಡುಸಾಗುತ್ತದೆ, ಸಣ್ಣಗೆ ಬಿರುಕುಬಿಡುತ್ತದೆ. ಹಳೆಯ ಕಾರಿನವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಗಿರಾಕಿ ಕಡಿಮೆಯಾದ ಅಳತೆಗಳೇ ಅಂಗಡಿಯಲ್ಲಿ ವರ್ಷಗಟ್ಟಲೆ ಉಳಿಯುವುದು. ಸರಿಯಾದ ಅಳತೆ ಸಿಕ್ಕಿತೆಂಬ ಸಂತೋಷದಲ್ಲಿ ಅದರ ವಯಸ್ಸನ್ನು ಕೇಳಲು ನಾವು ಮರೆಯುತ್ತೇವೆ. ಮೂರನೆಯ ಅಂಗಡಿಯಲ್ಲಿ ಅದೇ ವರ್ಷದ ಟೈರುಗಳು ಸಿಕ್ಕವು. ಐದು ಕೊಂಡೆ. ಐದನೆಯದು ಸ್ಟೆಪ್ನಿಗೆ. ಅಂದೇ ಮಧ್ಯಾಹ್ನ ಅವುಗಳನ್ನು ಕೆಂಗೇರಿಗೆ ಸಾಗಿಸಿ, ಆ ಹಿರಿಯರಿಂದಲೇ ಕಾರಿಗೆ ಹಾಕಿಸಿದೆ. ಗಾಳಿ ತುಂಬುವಾಗ ನಾನು ಟೈರಿನ ಮೇಲೆ ಬರೆದಿದ್ದ ಒತ್ತಡದ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಎಲ್ಲವನ್ನೂ ಓದಬೇಕೆಂಬ ಉತ್ಸಾಹ ಬಂದಿತ್ತು. ಅವರು ನಕ್ಕರು. ಅದು ಟೈರು ತಡೆಯಬಲ್ಲ ಗರಿಷ್ಠ ಒತ್ತಡವಂತೆ. ತುಂಬಬೇಕಾದದ್ದು ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು.

ಈ ಪ್ರಸಂಗದ ಬಳಿಕ ನಮ್ಮ ಬಡಾವಣೆಯಲ್ಲಿ ನನಗೆ ಟೈರು ಪಂಡಿತನೆಂಬ ಬಿರುದು ಬಂತು. ನಾನು ಗಳಿಸಿದ ಬಿರುದುಗಳಲ್ಲಿ ಜನಕ್ಕೆ ಉಪಯೋಗವಾದದ್ದು ಇದೊಂದೇ ಇರಬೇಕು. ರಾಜಾಜಿನಗರದ ನನ್ನ ಹಳೆಯ ಗೆಳೆಯರೊಬ್ಬರು ತಮ್ಮ ತಂದೆಯವರ ಪದ್ಮಿನಿಯನ್ನು ಇನ್ನೂ ಇಟ್ಟುಕೊಂಡಿದ್ದಾರೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಸಂತತಿಯೂ ಮುಗಿಯಿತು, ಓರೆನೂಲಿನ 5.20-14 ಹುಡುಕುವುದು ಇನ್ನಷ್ಟು ಕಷ್ಟ. ರೇಡಿಯಲ್ ಹಾಕಿಸಬೇಕು, ಯಾವ ಅಳತೆಯದು ಎಂದು ಕೇಳಲು ಬಂದರು. ಇಲ್ಲಿ ನನ್ನ ಲೆಕ್ಕ ನಡೆಯಲಿಲ್ಲ. ಆ ಹಳೆಯ ಬರಹದಲ್ಲಿ ಗೋಡೆಯ ಎತ್ತರದ ಸುದ್ದಿಯೇ ಇಲ್ಲ. ಕೊನೆಗೆ ಇಬ್ಬರೂ ಬೀದಿಗಿಳಿದೆವು. ಸವೆತ ಕಡಿಮೆಯಿದ್ದ ಒಂದು ಟೈರಿನ ತಳದಲ್ಲಿ ಸುಣ್ಣದ ಗೆರೆ, ಅದರ ನೇರಕ್ಕೆ ನೆಲದ ಮೇಲೊಂದು ಗೆರೆ. ಕಾರನ್ನು ನೂಕಿ, ಚಕ್ರ ಒಂದು ಪೂರ್ಣ ಸುತ್ತು ಸುತ್ತಿ ಗೆರೆ ಮತ್ತೆ ನೆಲಕ್ಕೆ ಬಂದಲ್ಲಿ ಇನ್ನೊಂದು ಗುರುತು. ಎರಡರ ನಡುವಣ ದೂರವನ್ನು ದರ್ಜಿಯ ಟೇಪಿನಿಂದ ಅಳೆದೆವು. ಹೊಸ ಟೈರಿನ ವ್ಯಾಸವನ್ನು 3.14ರಿಂದ ಗುಣಿಸಿದರೆ ಈ ದೂರಕ್ಕೆ ಹತ್ತಿರ ಬರಬೇಕು. 155/80 ಆರ್ 14ರ ವ್ಯಾಸ 603.6 ಬರುತ್ತದೆ, ಅದರ ಒಂದು ಸುತ್ತು 1.9 ಮೀಟರಿಗೆ ತುಸು ಕಡಿಮೆ. ನಮ್ಮ ಸುಣ್ಣದ ಗೆರೆಗಳಿಗೆ ಅದು ಒಪ್ಪಿತು. ಎರಡು ಓರೆನೂಲಿನವು, ಎರಡು ರೇಡಿಯಲ್ ಎಂದು ಬೆರೆಸಬೇಡಿ, ಐದನ್ನೂ ಒಟ್ಟಿಗೆ ಬದಲಿಸಿ ಎಂದೆ. ಹಳೆಯ ರಿಮ್ಮು ಟ್ಯೂಬಿಗಾಗಿ ಮಾಡಿದ್ದಾದ್ದರಿಂದ ಒಳಗೆ ಟ್ಯೂಬು ಇರಲಿ ಎಂದೂ ಹೇಳಿದೆ. ಅವರು ಕೇಳಿದರು, ಆದರೆ ಇನ್ನೂ ಅಗಲವಾದದ್ದು ಹಾಕಿದರೆ ಗಂಭೀರವಾಗಿ ಕಾಣುತ್ತದಲ್ಲವೆ ಎಂಬ ಆಸೆ ಅವರಿಗೂ ಇತ್ತು. ಪದ್ಮಿನಿಗೆ ಹಸ್ತಿನಿಯ ಪಾದ ಜೋಡಿಸಬೇಡಿ ಎಂದೆ. ನಮ್ಮ ಕಾಲದವರಾದ್ದರಿಂದ ಅವರಿಗೆ ಅರ್ಥವಾಯಿತು.

ಕೆಂಗೇರಿಯಿಂದ ಅಂದು ಸಂಜೆ ಹಿಂದಿರುಗುವಾಗ ಅಮ್ಮ ಎಂದಿನಂತೆ ಬಾಗಿಲಿಗೆ ಬೆನ್ನು ಮಾಡಿ ಕುಳಿತು, ಕಾಲುಗಳನ್ನು ಒಳಗೆಳೆದುಕೊಂಡು, ‘ಈಗ ಸರಿಯಾಯಿತು ನೋಡು’ ಎಂದರು. ಅದೇ ರಸ್ತೆ, ಅದೇ ಹಳ್ಳಗಳು. ಸದ್ದು ಬರಲಿಲ್ಲ. ನಾನು ನಡುವೆ ಎರಡು ಸಲ ಕೇಳಿದೆ, ‘ಏನಾದರೂ ಉಜ್ಜುತ್ತಿದೆಯೇನಮ್ಮ?’ ಎಂದು. ಅವರು ನಿದ್ದೆ ಹೋಗಿದ್ದರು.

ಆ ಟೈರುಗಳ ಗೀರು ಇನ್ನೂ ಚೆನ್ನಾಗಿಯೇ ಇದೆ. ನಮ್ಮ ಓಡಾಟ ಅಷ್ಟೇ. ಆದರೆ ಅವುಗಳ ನಾಲ್ಕು ಅಂಕಿಯಲ್ಲಿ ಕೊನೆಯ ಎರಡು 19. ಗೋಡೆಯ ಮೇಲೆ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಂಡಿವೆ. ಅಂಗಡಿಯವರಿಗೆ ಚೀಟಿ ಬರೆದು ಕೊಟ್ಟು ಬಂದಿದ್ದೇನೆ: 175/70 ಆರ್ 13, ಭಾರದ ಸೂಚಿ 82ಕ್ಕೆ ಕಡಿಮೆಯಿಲ್ಲದಂತೆ, ಇದೇ ವರ್ಷ ತಯಾರಾದದ್ದು, ಐದು. ಬಂದ ಕೂಡಲೇ ಹೇಳಿ ಕಳುಹಿಸುತ್ತಾರಂತೆ. ಚಿಕ್ಕಮ್ಮನ ಮನೆಗೆ ಹೋಗುವುದನ್ನು ಅಲ್ಲಿಯವರೆಗೆ ಮುಂದಕ್ಕೆ ಹಾಕಿದ್ದೇವೆ.